ಆರೈಕೆ ಮಾಡುವವರಿಗೂ ಬಿಡುವು ಬೇಕು

ಮಾನ್ಯ ಸಂಪಾದಕರೇ,

ವಿಜ್ಞಾನಿ ಜಾನ್ ಕಬಾಟ್-ಜಿನ್ 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಮೈಂಡ್‌ಫುಲ್‌ನೆಸ್ (ಈ ಕ್ಷಣದ ಅನುಭವದತ್ತ ಗಮನವಿಡುವ ಧ್ಯಾನ) ತರಬೇತಿ ಆರಂಭಿಸಿದ್ದು ದೀರ್ಘಕಾಲದ ನೋವಿನಿಂದ ಬಳಲುತ್ತಿದ್ದ ರೋಗಿಗಳಿಗಾಗಿ. ಇಂದು ಅದು ಹೆಚ್ಚಾಗಿ ಹಣ, ಸಮಯ ಎರಡೂ ಉಳ್ಳವರ ಪಾಲಾಗಿದೆ. ಒಟ್ಟು 8 ವಾರ, ವಾರಕ್ಕೆ ಸುಮಾರು ಎರಡೂವರೆ ಗಂಟೆ ತರಗತಿ, ಮನೆಯಲ್ಲಿ ದಿನವೂ 45 ನಿಮಿಷ ಅಭ್ಯಾಸ! ಪಾರ್ಶ್ವವಾಯು ಪೀಡಿತ ತಂದೆಯನ್ನು ಮಗ್ಗುಲು ಬದಲಿಸಿ ಮಲಗಿಸಿ ಕೂಲಿಗೆ ಓಡುವ ಮಗಳಿಗೆ ಇದು ಸಾಧ್ಯವೇ? ಅವಳ ಬೆನ್ನುನೋವು, ನಿದ್ದೆಗೇಡು ಯಾರ ಕಡತದಲ್ಲೂ ದಾಖಲಾಗುವುದಿಲ್ಲ.

ತರಗತಿ ಉಚಿತವಾದರಷ್ಟೇ ಸಾಲದು. ಅವಳು ಬಂದಾಗ ತಂದೆಯ ಬಳಿ ಕೂರುವವರು ಬೇಕು, ಬಸ್ ಖರ್ಚು ಸಿಗಬೇಕು, ಅವಳ ಭಾಷೆಯಲ್ಲೇ ಹೇಳಿಕೊಡಬೇಕು. ಡಯಾಲಿಸಿಸ್ ಕೇಂದ್ರದಲ್ಲಿ ರೋಗಿಯ ಜೊತೆ ಬಂದವರಿಗೆ ಕಾಯುವ ಹೊತ್ತಿನಲ್ಲೇ ಹತ್ತು ನಿಮಿಷ ಕಲಿಸಬಹುದಲ್ಲವೇ? ಹಾಗೆಂದು ಔಷಧಿ ಕೊಡದೆ ಧ್ಯಾನ ಕಲಿಸಿ ಕೈತೊಳೆದುಕೊಳ್ಳುವುದನ್ನು ನಾನು ಒಪ್ಪಲಾರೆ.

– ಓರ್ವ ಓದುಗ