ಸರದಿ ಕಾಯಬೇಕಾದದ್ದು ಕ್ಲಾಸ್, ನೀನಲ್ಲ

ಚಿರಂಜೀವಿ ಪುಟ್ಟಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ಆಸ್ಪತ್ರೆಯ ಟೋಕನ್ ವ್ಯವಸ್ಥೆಗೆಂದು ನೀನು ಜಾವಾದಲ್ಲಿ ಬರೆದ ಪ್ರೋಗ್ರಾಮ್ ಓದಿದೆ. ಉತ್ತರವೇನೋ ಸರಿಯಾಗಿಯೇ ಬರುತ್ತಿದೆ. ಆದರೆ ಟೋಕನ್‌ ಕ್ಯೂ ಎಂಬ ಕ್ಲಾಸನ್ನು ಜಾವಾದ ಸಿದ್ಧ ಪಟ್ಟಿಯಾದ ಅರೇಲಿಸ್ಟ್‌ನಿಂದ ಎಕ್ಸ್‌ಟೆಂಡ್ ಮಾಡಿದ್ದೀಯಲ್ಲ, ಅದು ನನಗೆ ಹಿಡಿಸಲಿಲ್ಲ.

ಹಾಗೆ ಮಾಡಿದರೆ ಅರೇಲಿಸ್ಟ್‌ನ ಮೆಥಡ್‌ಗಳೆಲ್ಲ ಬೇಕೋ ಬೇಡವೋ ಬಳುವಳಿಯಾಗಿ ಬಂದುಬಿಡುತ್ತವೆ. ಸೊನ್ನೆಯ ಸ್ಥಾನಕ್ಕೆ ಆ್ಯಡ್ ಮಾಡಿ ಯಾರು ಬೇಕಾದರೂ ತಮ್ಮವರನ್ನು ಮುಂದೆ ನಿಲ್ಲಿಸಬಹುದು, ನಡುವಿನಿಂದ ಒಬ್ಬರನ್ನು ಎತ್ತಿಹಾಕಬಹುದು, ಇಡೀ ಸಾಲನ್ನೇ ಸಾರ್ಟ್ ಮಾಡಬಹುದು. ಮೊದಲು ಬಂದವರಿಗೆ ಮೊದಲು ಎಂಬ ನಿಯಮ ನಿನ್ನ ತಲೆಯಲ್ಲಿದೆ, ಕೋಡಿನಲ್ಲಿಲ್ಲ. ಜಾವಾ ಕಟ್ಟಿದವರೂ ಇಲ್ಲಿ ಎಡವಿದ್ದಾರೆ. ಕೊನೆಗೆ ಇಟ್ಟದ್ದನ್ನೇ ಮೊದಲು ತೆಗೆಯಬೇಕಾದ ಅವರ ಹಳೆಯ ಸ್ಟ್ಯಾಕ್ ಕ್ಲಾಸ್, ಅರೇಲಿಸ್ಟ್‌ನಂಥದೇ ಪಟ್ಟಿಯಾದ ವೆಕ್ಟರ್‌ನಿಂದ ಹುಟ್ಟಿದ್ದು. ಹೀಗಾಗಿ ಸ್ಟ್ಯಾಕಿನ ಬುಡಕ್ಕೂ ನೇರವಾಗಿ ಏನನ್ನಾದರೂ ತುರುಕಬಹುದು. ಅದರ ಬದಲು ಎರಡೂ ತುದಿಗಳಲ್ಲಿ ಸೇರಿಸಿ ತೆಗೆಯಬಹುದಾದ ಡೆಕ್ ಬಳಸಿ ಎಂದು ಈಗ ಜಾವಾದ ಕೈಪಿಡಿಯೇ ಹೇಳುತ್ತದೆ.

ಕ್ಯೂವನ್ನು ಕ್ಲಾಸಿನ ಒಳಗೆ ಪ್ರೈವೇಟ್ ಆಗಿಡು. ಟೋಕನ್ ಕೊಡುವುದು, ಮುಂದಿನವರನ್ನು ಕರೆಯುವುದು, ಎಷ್ಟು ಜನ ಕಾಯುತ್ತಿದ್ದಾರೆಂದು ಹೇಳುವುದು: ಹೊರಗಿನವರಿಗೆ ಇಷ್ಟು ಸಾಕು. ಗೆಟರ್ (ಒಳಗಿನದನ್ನು ಹೊರಗೆ ಕೊಡುವ ಮೆಥಡ್) ಬರೆದು ಒಳಗಿನ ಕ್ಯೂವನ್ನೇ ಕೈಗಿತ್ತೆಯೋ, ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟ ಹಾಗೆ.

ಒಳಗೆ ಇಡಬೇಕಾದದ್ದು ಅರೇಡೆಕ್, ಅಂದರೆ ಅರೇಯ (ಸಾಲು ಮನೆಗಳ) ಮೇಲೆ ಕಟ್ಟಿದ ಡೆಕ್. ಅರೇಲಿಸ್ಟ್‌ನಲ್ಲಿ ಮೊದಲನೆಯದನ್ನು ತೆಗೆದರೆ ಉಳಿದವೆಲ್ಲ ಒಂದೊಂದು ಮನೆ ಮುಂದೆ ಸರಿಯಬೇಕು. ಅರೇಡೆಕ್ ಯಾವುದನ್ನೂ ಸರಿಸುವುದಿಲ್ಲ; ತಲೆ ಎಲ್ಲಿ, ಬಾಲ ಎಲ್ಲಿ ಎಂಬ ಎರಡು ಗುರುತುಗಳನ್ನು ಮುಂದೂಡುತ್ತ, ಅರೇಯ ಕೊನೆ ಮುಟ್ಟಿದಾಗ ಮತ್ತೆ ಆರಂಭಕ್ಕೆ ಸುತ್ತಿ ಬರುತ್ತದೆ. ವೇರಿಯಬಲ್‌ನ ಟೈಪ್ ಮಾತ್ರ ಕ್ಯೂ ಎಂಬ ಇಂಟರ್‌ಫೇಸ್ (ಯಾವ ಮೆಥಡ್‌ಗಳಿರಬೇಕೆಂಬ ಕರಾರು) ಆಗಿರಲಿ. ನಾಳೆ ಒಳಗಿನದನ್ನು ಬದಲಿಸಿದರೂ ಉಳಿದ ಕೋಡ್ ಮುಟ್ಟಬೇಕಾಗಿಲ್ಲ. ಖಾಲಿ ಕ್ಯೂವಿನ ಮೇಲೆ ರಿಮೂವ್ ಎಂದರೆ ಎಕ್ಸೆಪ್ಷನ್ (ದೋಷದ ಸೂಚನೆ) ಎಸೆಯುತ್ತದೆ, ಪೋಲ್ ಎಂದರೆ ನಲ್ (ಏನೂ ಇಲ್ಲ ಎಂಬ ಗುರುತು) ಕೊಡುತ್ತದೆ. ಅರೇಡೆಕ್ ನಲ್ ಅನ್ನು ಒಳಗೆ ಸೇರಿಸಿಕೊಳ್ಳುವುದೇ ಇಲ್ಲವಾದ್ದರಿಂದ ನಲ್ ಬಂದರೆ ಕ್ಯೂ ಖಾಲಿ, ಬೇರೆ ಅರ್ಥವಿಲ್ಲ. ಕ್ಯೂವಾಗಿ ಬಳಸಬಹುದಾದ ಇನ್ನೊಂದು ಕ್ಲಾಸ್ ಲಿಂಕ್ಡ್‌ಲಿಸ್ಟ್ ನಲ್ ಅನ್ನೂ ಸೇರಿಸಿಕೊಳ್ಳುವುದರಿಂದ ಅದರಲ್ಲಿ ಈ ಖಾತರಿ ಇಲ್ಲ.

ತುರ್ತು ರೋಗಿಗಳಿಗೆಂದು ದರ್ಜೆಯ ಪ್ರಕಾರ ಮುಂದಿನವರನ್ನು ಕೊಡುವ ಪ್ರಯಾರಿಟಿಕ್ಯೂ ಹಾಕುವ ಯೋಚನೆ ಇದೆ ಎಂದಿದ್ದೀಯ. ಹಾಕು. ಆದರೆ ಇಬ್ಬರದೂ ಒಂದೇ ದರ್ಜೆಯಾದರೆ ಯಾರು ಮೊದಲು ಎಂದು ಅದು ಮಾತು ಕೊಡುವುದಿಲ್ಲ. ಹೋಲಿಸುವಾಗ ದರ್ಜೆಯ ನಂತರ ಟೋಕನ್ ಸಂಖ್ಯೆಯನ್ನೂ ನೋಡುವಂತೆ ಬರೆ. ಇಲ್ಲದಿದ್ದರೆ ಜಗಳ ಬಿಡಿಸುವುದು ಪಾಪ, ಕೌಂಟರಿನವರ ಪಾಲಿಗೆ ಬರುತ್ತದೆ.

ಎರಡು ಥ್ರೆಡ್‌ಗಳು (ಪ್ರೋಗ್ರಾಮಿನೊಳಗೆ ಏಕಕಾಲಕ್ಕೆ ಓಡುವ ಕೆಲಸಗಳು) ಒಟ್ಟಿಗೆ ಕೈಹಾಕುವ ದಿನ ಬಂದರೆ ಅರೇಡೆಕ್ ಸಾಲದು, ಖಾಲಿಯಿದ್ದಾಗ ತೆಗೆಯುವವರನ್ನೂ ತುಂಬಿದಾಗ ಸೇರಿಸುವವರನ್ನೂ ಕಾಯಿಸಬಲ್ಲ ಬ್ಲಾಕಿಂಗ್‌ಕ್ಯೂ ಬೇಕು. ಅದಕ್ಕೆ ಮಿತಿಯನ್ನು ನೀನೇ ಕೊಡು. ಅದರ ಒಂದು ಬಗೆಯಾದ ಲಿಂಕ್ಡ್‌ಬ್ಲಾಕಿಂಗ್‌ಕ್ಯೂಗೆ ಮಿತಿ ಹೇಳದಿದ್ದರೆ 2,147,483,647ರವರೆಗೆ ತುಂಬಿಕೊಳ್ಳುತ್ತ ಹೋಗುತ್ತದೆ, ಅಷ್ಟರೊಳಗೆ ಮೆಮೊರಿ ಮುಗಿದಿರುತ್ತದೆ.

ತಿದ್ದಿ ಕಳುಹಿಸು. ಜೊತೆಗೆ ಟೆಸ್ಟ್‌ಗಳೂ ಇರಲಿ, ಖಾಲಿ ಕ್ಯೂವಿನದು ಮೊದಲು.

ಇತಿ,
ನಿನ್ನ ಮಾವ