ಅವನಲ್ಲದಿದ್ದರೆ?

ಚಿ. ಪುಟ್ಟಿಗೆ,

ಮಾಮನ ಆಶೀರ್ವಾದ. ಕಾಗದ ಮೊನ್ನೆ ಸಿಕ್ಕಿತು. ಈ ವಾಟ್ಸಾಪ್ ಕಾಲದಲ್ಲಿ ಲಕೋಟೆ ನೋಡಿದಾಗಲೇ ಅನ್ನಿಸಿತು, ಫೋನಿನಲ್ಲಿ ಬರೆಯಬಾರದ್ದೇನೋ ಇದೆ ಅಂತ. ಪ್ರಮೋಷನ್ನು, ಕ್ವಾರ್ಟರ್ಸು, ಅಪ್ಪನ ಶುಗರು ಎಲ್ಲ ನಿನ್ನಮ್ಮ ಹೇಳಿದ್ದಾಳೆ, ಅದಿರಲಿ. ನಿನ್ನ ಠಾಣೆಯ ಕೊಲೆ ಕೇಸಿನಲ್ಲಿ ನೀನು ಹಿಡಿದವನ ಬಗ್ಗೆ, ಮೂರನೇ ಹಾಳೆಯ ಅಂಚಿನಲ್ಲಿ, ಜಾಗ ಸಾಲದೆ ಅಡ್ಡಕ್ಕೆ ಬರೆದಿದ್ದೀಯಲ್ಲ, "ಮಾಮ, ಅವನಲ್ಲದಿದ್ದರೆ?" ಅಂತ. ಆ ಎರಡು ಪದಕ್ಕೆ ಎರಡು ರಾತ್ರಿ ನಿದ್ದೆಯಿಲ್ಲ ನನಗೆ.

ಏನೂ ಆಗಲ್ಲ, ಧೈರ್ಯವಾಗಿರು ಅಂತ ಬರೆಯಲು ಕೂತೆ. ಹರಿದು ಹಾಕಿದೆ. ಆಗುತ್ತೆ ಪುಟ್ಟಿ. ನನಗೆ ಆಗಿದೆ.

1989. ಆಗ ನಾನು ಸಬ್ ಇನ್‌ಸ್ಪೆಕ್ಟರು. ಗೋಡೌನಿನ ಕಾವಲುಗಾರನೊಬ್ಬ ಬೆಳಗಿನ ಜಾವ ಕೊಲೆಯಾಗಿದ್ದ. ವಿಕ್ಟೋರಿಯಾ ಆಸ್ಪತ್ರೆಯ ಶವಾಗಾರದ ಹೊರಗೆ ಕಲ್ಲಿನ ಮೇಲೆ ಕೂತು ನಾನೇ ಇನ್‌ಕ್ವೆಸ್ಟ್, ಅಂದರೆ ಶವ ಪರೀಕ್ಷಿಸಿದ ಪೊಲೀಸ್ ವರದಿ, ಬರೆದೆ. ಸಂಜೆಯೊಳಗೆ ಹೆಸರು ಸಿಕ್ಕಿತು, ಚೀಟಿ ದುಡ್ಡಿಗೆ ಅವನ ಜೊತೆ ಜಗಳವಾಡಿದ್ದ ಒಬ್ಬ ಹಮಾಲಿ. ಮಾರನೇ ದಿನ ಹಿಡಿದೆವು. ಅವನ ಚಪ್ಪಲಿಯಲ್ಲಿ ಕಲೆ ಇತ್ತು. ಪತ್ರಿಕೆಯಲ್ಲಿ "24 ಗಂಟೆಯಲ್ಲಿ ಆರೋಪಿ ಸೆರೆ" ಅಂತ ಬಂತು. ನಿನ್ನ ಅತ್ತೆ ಅದನ್ನು ಕತ್ತರಿಸಿ ಟ್ರಂಕಿನಲ್ಲಿ ಇಟ್ಟಿದ್ದಳು.

ಗೋಡೌನಿನ ಎದುರಿಗೆ ಒಂದು ಟೀ ಗಾಡಿ. ಗಾಡಿಯವನು ನನಗೆ ಹೇಳಿದ, "ಸಾರ್, ನಾಲ್ಕೂವರೆ ಹೊತ್ತಿಗೆ ಸ್ಟವ್ ಹಚ್ಚುತ್ತಾ ಇದ್ದೆ, ಗೇಟಿನಿಂದ ಒಬ್ಬ ಸೈಕಲ್ ತಳ್ಕೊಂಡು ಬಂದ, ಹತ್ತಲಿಲ್ಲ, ತಳ್ಕೊಂಡೇ ಹೋದ." ನಮ್ಮ ಹಮಾಲಿಗೆ ಸೈಕಲ್ಲೇ ಇರಲಿಲ್ಲ. ನಾನು ತಲೆಯಾಡಿಸಿ ಟೀ ಕುಡಿದು ಬಂದೆ. ಹೇಳಿಕೆ ಬರೆಯಲಿಲ್ಲ. ಸಾಕ್ಷಿಯ ಸಹಿ ಕೂಡ ಬೇಡ ಅದಕ್ಕೆ, ಹತ್ತು ನಿಮಿಷದ ಕೆಲಸ. ಬರೆಯಬೇಡ ಅಂತ ಯಾರೂ ಹೇಳಲಿಲ್ಲ, ಇನ್‌ಸ್ಪೆಕ್ಟರಿಗೆ ಗೊತ್ತೇ ಇರಲಿಲ್ಲ. ಕೇಸು ಚೆನ್ನಾಗಿ ಕೂತಿತ್ತು, ಈ ಸೈಕಲ್ ಅದರೊಳಗೆ ಕೂರುತ್ತಿರಲಿಲ್ಲ, ಅಷ್ಟೇ.

ಎರಡು ವರ್ಷ ಹತ್ತು ತಿಂಗಳು ಆ ಮನುಷ್ಯ ಜೈಲಿನಲ್ಲಿದ್ದ, ಶೇಷಾದ್ರಿ ರಸ್ತೆಯಲ್ಲಿದ್ದ ಹಳೇ ಸೆಂಟ್ರಲ್ ಜೈಲು. ಈಗ ಫ್ರೀಡಂ ಪಾರ್ಕ್ ಮಾಡಿದ್ದಾರೆ. ನಿನ್ನ ಅತ್ತೆಗೆ ಒಮ್ಮೆ ಅಲ್ಲಿ ಒಳಗೆ ಹೋಗಿ ನೋಡುವ ಆಸೆ ಇತ್ತು, ನಾನು ಆಟೋದಿಂದ ಇಳಿಯಲೇ ಇಲ್ಲ. ಚಪ್ಪಲಿಯ ವರದಿಯಲ್ಲಿ ರಕ್ತದ ಗುಂಪು ನಿರ್ಣಯಿಸಲಾಗಲಿಲ್ಲ ಅಂತ ಬಂದಿತ್ತು. ಚಪ್ಪಲಿ ವಶಪಡಿಸಿಕೊಂಡ ಮಹಜರಿಗೆ ಸಾಕ್ಷಿ ಹಾಕಿದ್ದು ಪ್ರತಿ ಕೇಸಿಗೂ ಬರುವ ಮಾಮೂಲಿ ಪಂಚರು, ಕೋರ್ಟಿನಲ್ಲಿ ಇಬ್ಬರೂ ಹಾಸ್ಟೈಲು, ತಿರುಗಿಬಿದ್ದರು. ಖುಲಾಸೆ. ಅಪೀಲಿನ ಅವಧಿ ಮುಗಿದ ಮೇಲೆ ಅವನು ಮುದ್ದೆಮಾಲು, ನಾವು ಸಾಕ್ಷ್ಯವೆಂದು ಇಟ್ಟುಕೊಂಡಿದ್ದ ಚಪ್ಪಲಿ, ಬಿಡಿಸಿಕೊಳ್ಳಲು ಬಂದಿದ್ದ. ಕೋರ್ಟಿನ ಮೆಟ್ಟಿಲ ಮೇಲೆ ಚಪ್ಪಲಿ ಮೆಟ್ಟಿಕೊಂಡ. ಬಲಗಾಲಿನ ಬಾರಿಗೆ ಕೋರ್ಟಿನ ಮುದ್ದೆಮಾಲು ನಂಬರಿನ ಚೀಟಿ ದಾರ ಕಟ್ಟಿ ಹಾಗೇ ನೇತಾಡುತ್ತಿತ್ತು. ಅದನ್ನು ಕೀಳಲಿಲ್ಲ. ನನಗೆ ನಮಸ್ಕಾರ ಮಾಡಿ ಹೋದ. ಬೈದಿದ್ದರೆ ವಾಸಿಯಿತ್ತು.

ಅವನೇ ಮಾಡಿದ್ದನೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ. ನಿರಪರಾಧಿ ಅಂತ ಗೊತ್ತಾಗಿದ್ದರೆ ಕಾಲು ಹಿಡಿಯಬಹುದಿತ್ತು. ಟೀ ಗಾಡಿಯವನನ್ನು ಆಮೇಲೆ ಹುಡುಕಿದೆ. ರಸ್ತೆ ಅಗಲ ಮಾಡಿದ್ದರು, ಗಾಡಿ ಇರಲಿಲ್ಲ.

ನಿನ್ನದಕ್ಕೆ ಬರುತ್ತೇನೆ. ಅವನನ್ನು ಒಳಗೆ ಹಾಕಿ ಇವತ್ತಿಗೆ 62ನೇ ದಿನ ಅಂದೆ. ಚಾರ್ಜ್‌ಶೀಟ್ ಹಾಕದೆ 90 ದಾಟಿದರೆ ಅವನು ಜಾಮೀನು ಹಕ್ಕಿನಿಂದ ಕೇಳುತ್ತಾನೆ, ಮೇಲಿನವರು ನಿನ್ನನ್ನು ಕೇಳುತ್ತಾರೆ. ವಿಧಿವಿಜ್ಞಾನ ಪ್ರಯೋಗಾಲಯದಿಂದ (ಎಫ್ಎಸ್ಎಲ್) ವರದಿ ಬಂದಿಲ್ಲ, ನಡುವೆ ನಾಲ್ಕು ದಿನ ಗಣೇಶನ ಬಂದೋಬಸ್ತು, ಒಂದು ದಿನ ಹೈಕೋರ್ಟು. ಸಿನಿಮಾದಲ್ಲಿ ಕೊಲೆಗೆಂದೇ ಒಬ್ಬ ಡಿಟೆಕ್ಟಿವ್ ಇರುತ್ತಾನೆ, ಗೋಡೆಗೆ ಫೋಟೋ ಅಂಟಿಸಿ ನೋಡುತ್ತಾ ನಿಲ್ಲುತ್ತಾನೆ. ನಮ್ಮ ಬೆಂಗಳೂರಿನಲ್ಲಿ ದೊಡ್ಡ ಕೇಸು ಒಂದೆರಡು ಕೇಂದ್ರ ಅಪರಾಧ ವಿಭಾಗಕ್ಕೆ (ಸಿಸಿಬಿ) ಹೋಗಬಹುದು, ಉಳಿದ ಕೊಲೆಯೆಲ್ಲ ಠಾಣೆಯ ಇನ್‌ಸ್ಪೆಕ್ಟರ್ ತಲೆಗೇ. ಬೆಳಿಗ್ಗೆ ಮಾರ್ಚುರಿ, ಮಧ್ಯಾಹ್ನ ಶಾಂತಿಸಭೆ, ರಾತ್ರಿ ಕ್ಯಾಮೆರಾದ ರೆಕಾರ್ಡಿಂಗ್ ನೋಡುವುದು. ದಣಿದ ತಲೆ ಸಿಕ್ಕಿದವನನ್ನೇ ಅಪ್ಪಿಕೊಳ್ಳುತ್ತದೆ. ಆ ಭಯ ನಿನ್ನ ದೌರ್ಬಲ್ಯ ಅಲ್ಲ. ನನಗೆ ಆಗ ಬರದೇ ಹೋಯಿತು ನೋಡು, ಅದು.

ಟವರ್ ಲೊಕೇಶನ್ ಹೊಂದುತ್ತದೆ ಅಂತ ಬರೆದಿದ್ದೀಯ. ಅದೇ ಬಡಾವಣೆಯಲ್ಲಿ ಬಾಡಿಗೆಗಿರುವವನ ಫೋನು ಅದೇ ಟವರಿನಲ್ಲಿ ಇರದೆ ಇನ್ನೆಲ್ಲಿ ಇರಬೇಕು? ಚಾಕು ಮೋರಿಯಲ್ಲಿ ಸಿಕ್ಕಿತು ಅಂದೆ. ಅವನು ತೋರಿಸಿದನೋ, ನಿನ್ನ ಹುಡುಗರು ಮೊದಲೇ ನೋಡಿ ಆಮೇಲೆ ಅವನೇ ತೋರಿಸಿದ ಹಾಗೆ ಮಾಡಿದರೋ? ನನಗೆ ಉತ್ತರ ಬರೆಯಬೇಡ. ನಿನಗೆ ಗೊತ್ತಿದ್ದರೆ ಸಾಕು.

ರಿಚ್ಮಂಡ್ ರಸ್ತೆಯ ಆ ಮನೆಯ ಕೇಸು ಟ್ರೈನಿಂಗಿನಲ್ಲಿ ಓದಿರುತ್ತೀಯ. 1991ರಲ್ಲಿ ಕಾಣೆಯಾದ ಹೆಂಗಸು, 1994ರಲ್ಲಿ ಅಂಗಳ ಅಗೆದಾಗ ಸಿಕ್ಕಿದ್ದು. ಗಂಡನೇ ಜಾಗ ತೋರಿಸಿದ್ದರೂ ಅಷ್ಟಕ್ಕೆ ಬಿಡಲಿಲ್ಲ. ತಲೆಬುರುಡೆಯನ್ನು ಫೋಟೋಗೆ ಹೊಂದಿಸಿ ನೋಡಿದರು, ಡಿಎನ್ಎ ಮಾಡಿಸಿದರು. ಸುಪ್ರೀಂ ಕೋರ್ಟಿನ ತೀರ್ಪು ಬಂದಾಗ 2008. ಆ ಸುದ್ದಿ ಓದಿದಾಗಲೆಲ್ಲ ನನಗೆ ನಾನು ಕುಡಿದ ಆ ಟೀ ನೆನಪಾಗುತ್ತಿತ್ತು.

ಬುದ್ಧಿ ಹೇಳುವ ಯೋಗ್ಯತೆ ನನಗೆಷ್ಟಿದೆಯೋ. ನಿಮ್ಮ ಕಾಯ್ದೆಯ ಹೊಸ ನಂಬರು ಕೂಡ ಬಾಯಿಗೆ ಬರಲ್ಲ; ಕೊಲೆಗೆ ನಮ್ಮ 302 ಈಗ 103, ಸಾಕ್ಷಿಯ ಹೇಳಿಕೆಗೆ 161 ಈಗ 180. ಆದರೂ, ಕೂರದ ಸಂಗತಿಯನ್ನೇ ಮೊದಲು ಕೇಸ್ ಡೈರಿಗೆ ಹಾಕು, ಅದೇ ದಿನ. ಠಾಣೆಯ ಬರವಣಿಗೆ ನೋಡುವ ರೈಟರ್ ಕೈಗೆ ಬಿಡಬೇಡ, ನಿನ್ನ ಕೈಬರಹದಲ್ಲೇ ಇರಲಿ. ಸಾಕ್ಷ್ಯ ಸಾಲದಿದ್ದರೆ ಬಿಟ್ಟುಬಿಡುವ ನಮ್ಮ ಹಳೇ 169 ಇತ್ತಲ್ಲ, ಈಗ 189 ಅಂತ ಮೊಮ್ಮಗ ನೋಡಿ ಹೇಳಿದ, ಅದು ಪುಸ್ತಕದಲ್ಲಿ ಇರುವುದು ಬಳಸಲಿಕ್ಕೇ. ಬಳಸಿದರೆ ನಿನ್ನ ಮೇಲೆ ಏನು ಬರುತ್ತದೆ ಅಂತ ನನಗೆ ಗೊತ್ತು. ನಾನು ಒಮ್ಮೆಯೂ ಬಳಸಲಿಲ್ಲ. ಇನ್ನೊಂದು, ಹೊತ್ತಿಗೆ ಊಟ ಮಾಡು. ಹಸಿದಾಗ ಎಲ್ಲರೂ ಕಳ್ಳರ ಹಾಗೇ ಕಾಣುತ್ತಾರೆ.

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ಎರಡನೇ ಹಾಳೆಯಲ್ಲಿ, ಲಿಫ್ಟಿನ ಕ್ಯಾಮೆರಾ ಕೆಟ್ಟಿತ್ತು ಅನ್ನುವ ಸಾಲಿನ ಕೆಳಗೆ, ಪೇಪರ್ ಹಾಕುವ ಹುಡುಗನ ಮಾತು ಬಂದಿದೆ. ಐದೂಕಾಲಿಗೆ ಆ ಬಾಗಿಲು ಹಾಕಿತ್ತು ಅಂದನಂತೆ. ಕೊಲೆ ಆ ಹೊತ್ತಿಗೆ ಆಗಿಹೋಗಿತ್ತು, ಬಾಗಿಲು ತೆರೆದೇ ಇತ್ತು ಅಂತ ತಾನೇ ನಿನ್ನ ಕೇಸು? ಅವನ ಬಗ್ಗೆ ಆಮೇಲೆ ಒಂದಕ್ಷರ ಇಲ್ಲ. ಹೇಳಿಕೆ ಆಗಿದೆಯಾ? ಆಗಿಲ್ಲದಿದ್ದರೆ ಈ ಕಾಗದ ಮಡಚಿಟ್ಟು ನಾಳೆ ಐದಕ್ಕೆ ಹೋಗಿ ಗೇಟಿನ ಹತ್ತಿರ ನಿಲ್ಲು. ಪರೀಕ್ಷೆ ಹತ್ತಿರ ಬಂದರೆ ಈ ಹುಡುಗರು ಕೆಲಸ ಬಿಟ್ಟುಬಿಡುತ್ತಾರೆ.

ಇಂತಿ,
ನಿನ್ನ ಮಾಮ