ಕ್ಯಾರೆಟ್ ವೇಷ ಸಾಕು, ಮಕ್ಕಳಿಗೆ ಒಂದು ಕುಂಡ ಕೊಡಿ

ಸಂಪಾದಕರಿಗೆ ನಮಸ್ಕಾರ.

ಶಿಶುವಿಹಾರದ ಮಕ್ಕಳಿಗೂ ಊಟ, ಬೇಸಾಯದ ಬಗ್ಗೆ ಹೇಳಿಕೊಡಬೇಕು ಅನ್ನುವ ಮಾತು ಈಗೀಗ ಜಾಸ್ತಿ ಕೇಳಿಬರುತ್ತಿದೆ. ಒಳ್ಳೆಯದೇ. ಆದರೆ ಹೇಳಿಕೊಡುವ ರೀತಿ ನೋಡಿದರೆ, ತರಕಾರಿ ಬೆಳೆದೇ ಬದುಕುವ ನನ್ನಂಥವನಿಗೆ ಸುಮ್ಮನಿರಲು ಆಗುತ್ತಿಲ್ಲ.

ನನ್ನ ಮೊಮ್ಮಗಳ ಶಾಲೆಯಲ್ಲಿ ಈಚೆಗೆ ತರಕಾರಿ ದಿನ ಮಾಡಿದರು. ಅವಳಿಗೆ ಬಾಡಿಗೆ ಕ್ಯಾರೆಟ್ ವೇಷ, ತಲೆ ಮೇಲೆ ಕಾಗದದ ಸೊಪ್ಪು. ‘ನಾನು ಕ್ಯಾರೆಟ್, ಕಣ್ಣಿಗೆ ಒಳ್ಳೆಯದು’ ಅಂತ ಮೈಕಿನಲ್ಲಿ ಹೇಳಿಸಿದರು. ಕಾರ್ಯಕ್ರಮ ಮುಗಿದ ಮೇಲೆ ಎಲ್ಲ ತರಕಾರಿಗಳಿಗೂ ಕ್ರೀಮ್ ಬಿಸ್ಕತ್ತು ಹಂಚಿದರು! ಟೀಚರ್‌ಗಳನ್ನು ದೂರುತ್ತಿಲ್ಲ. ಪಾಪ, ಎಷ್ಟು ಹೊತ್ತು ಕೂತು ಕಾಗದ ಕತ್ತರಿಸಿದ್ದರೋ. ಅಷ್ಟೇ ಶ್ರಮ ಒಂದು ಕುಂಡಕ್ಕೆ ಹಾಕಿದ್ದರೆ ಮಕ್ಕಳು ನಿಜವಾದ ಕ್ಯಾರೆಟ್ಟನ್ನೇ ಜುಟ್ಟು ಹಿಡಿದು ಕೀಳುತ್ತಿದ್ದರು.

ಇದು ನನ್ನ ಹೊಸ ಯೋಚನೆ ಏನಲ್ಲ. ಜರ್ಮನಿಯ ಶಿಕ್ಷಣತಜ್ಞ ಫ್ರೋಬೆಲ್ ಪುಟ್ಟ ಮಕ್ಕಳಿಗಾಗಿ ತಾನು ನಡೆಸುತ್ತಿದ್ದ ಶಾಲೆಗೆ 1840ರಲ್ಲಿ ‘ಕಿಂಡರ್‌ಗಾರ್ಟನ್’, ಅಂದರೆ ಮಕ್ಕಳ ತೋಟ, ಅಂತ ಹೆಸರಿಟ್ಟ. ಅಲ್ಲಿ ತೋಟ ಬರೀ ಹೆಸರಿನಲ್ಲಿ ಇರಲಿಲ್ಲ. ಒಂದೊಂದು ಮಗುವಿಗೂ ಒಂದೊಂದು ಪುಟ್ಟ ಮಡಿ, ಎಲ್ಲರೂ ಸೇರಿ ನೋಡಿಕೊಳ್ಳುವ ಮಡಿ ಬೇರೆ. ನಾವು ಹೆಸರು ಉಳಿಸಿಕೊಂಡು ಮಡಿಗೆ ಸಿಮೆಂಟು ಹಾಕಿದ್ದೇವೆ.

ಜಾಗ ಇಲ್ಲ ಅನ್ನುವವರಿಗೆ ಹೇಳುತ್ತೇನೆ: ಬಿಸಿಲು ಬೀಳುವ ಒಂದು ಮೂಲೆ ಇದ್ದರೆ ಸಾಕು. ಶುರು ಮಾಡುವುದಾದರೆ ಬೇಗ ಬರುವ ಬೆಳೆ ಹಾಕಿ. ನಾಲ್ಕು ವರ್ಷದ ಮಗುವಿಗೆ ಒಂದು ವಾರವೇ ಬಹಳ ದೂರ, ಅಲ್ವಾ? ಮೆಂತ್ಯ ಕೆಲವೇ ದಿನಗಳಲ್ಲಿ ತಲೆ ಎತ್ತುತ್ತದೆ. ಸಣ್ಣ ದುಂಡು ಮೂಲಂಗಿ ಸುಮಾರು ಒಂದು ತಿಂಗಳಲ್ಲಿ ಕೈಗೆ ಬರುತ್ತದೆ. ಬೀನ್ಸಿಗೆ ಎರಡು ತಿಂಗಳು ಬೇಕು, ಆದರೆ ದಿನಾ ನೋಡಲು ಏನಾದರೂ ಇರುತ್ತದೆ. ಬಿತ್ತುವ ಮುಂಚೆ ರಜೆ ಯಾವಾಗ ಅಂತ ಕ್ಯಾಲೆಂಡರ್ ನೋಡಿ. ಕಾಯಿ ಬಿಡುವ ಹೊತ್ತಿಗೆ ಶಾಲೆಗೆ ಬೀಗ ಹಾಕಿ, ಗಿಡ ಒಣಗಿಸುವುದು ಬೇಡ.

ಸ್ವಲ್ಪ ಜಾಗ ಇದ್ದವರು ಒಂದು ಕುಂಬಳದ ಬಳ್ಳಿ ಹಬ್ಬಿಸಿ. ಅದರಂಥ ಮೇಷ್ಟ್ರು ಸಿಗುವುದು ಕಷ್ಟ. ಮೊದಲು ಬರುವುದು ಹೆಚ್ಚಾಗಿ ಗಂಡು ಹೂವು: ಉದ್ದ ತೊಟ್ಟು, ಅಷ್ಟೇ. ಆಮೇಲೆ ಬರುವ ಹೆಣ್ಣು ಹೂವಿನ ಕೆಳಗೆ ಗೋಲಿಯಷ್ಟು ಪುಟ್ಟ ಕಾಯಿ ಆಗಲೇ ಕೂತಿರುತ್ತದೆ. ಇದನ್ನು ಒಂದು ಸಲ ತೋರಿಸಿದರೆ ಸಾಕು, ಮಕ್ಕಳು ದಿನಾ ಬೆಳಗ್ಗೆ ಬಗ್ಗಿ ಬಗ್ಗಿ ಹುಡುಕುತ್ತಾರೆ. ಹೂವು ಅರಳುವುದು ಬೆಳಗಿನ ಹೊತ್ತು, ಬಿಸಿಲೇರಿದರೆ ಮುಚ್ಚಿಕೊಳ್ಳುತ್ತದೆ. ಜೇನು ಬಾರದ ಕಡೆ ಗಂಡು ಹೂವು ಕಿತ್ತು, ಎಸಳು ಬಿಡಿಸಿ, ನಡುವಿನ ಹಳದಿ ಪುಡಿಯನ್ನು ಹೆಣ್ಣು ಹೂವಿನ ಒಳಗೆ ಮೆಲ್ಲಗೆ ಸವರಬೇಕು. ಇದನ್ನು ಮಗುವಿನ ಕೈಯಿಂದಲೇ ಮಾಡಿಸಿ. ಪುಡಿ ಸರಿಯಾಗಿ ಕೂತರೆ ಕಾಯಿ ಊದುತ್ತದೆ, ಇಲ್ಲದಿದ್ದರೆ ಹಳದಿಯಾಗಿ ಉದುರುತ್ತದೆ. ಉದುರಿದ್ದನ್ನು ಗುಟ್ಟಾಗಿ ಎತ್ತಿ ಬಿಸಾಡಬೇಡಿ. ಎಲ್ಲವೂ ಕಾಯಿ ಆಗುವುದಿಲ್ಲ ಅನ್ನುವುದೂ ಬೇಸಾಯವೇ.

ಇನ್ನು ತಿನ್ನುವ ವಿಷಯ. ಎರಡರಿಂದ ಆರು ವರ್ಷದ ತನಕ ಮಕ್ಕಳು ಹೊಸ ತಿನಿಸಿಗೆ ಮುಖ ತಿರುಗಿಸುವುದು ಮಾಮೂಲಿ. ಅದು ಹಟವಲ್ಲ, ಆ ವಯಸ್ಸೇ ಹಾಗೆ. ಒಂದು ಹೊಸ ರುಚಿ ಒಗ್ಗಲು 8ರಿಂದ 15 ಸಲ ಬೇಕಾದರೂ ಆಗಬಹುದು ಅಂತ ಇದನ್ನು ಓದಿಕೊಂಡವರು ಹೇಳುತ್ತಾರೆ. ನಾವೋ, ಎರಡು ಸಲ ಉಗುಳಿದರೆ ‘ಇವನು ತಿನ್ನಲ್ಲ’ ಅಂತ ತೀರ್ಪು ಕೊಟ್ಟುಬಿಡುತ್ತೇವೆ. ಮುಟ್ಟಲಿ, ಮೂಸಲಿ, ನೆಕ್ಕಿ ಕೆಳಗಿಡಲಿ. ತಿಂದವರಿಗೆ ಚಾಕಲೇಟ್ ಅಂತ ಮಾತ್ರ ಆಸೆ ತೋರಿಸಬೇಡಿ. ಚಾಕಲೇಟೇ ಮೇಲು ಅಂತ ನಾವೇ ಹೇಳಿಕೊಟ್ಟಂತೆ.

ಹತ್ತಿರದ ಬೆಳೆಗಾರರಿಂದ ತರಕಾರಿ ತರಿಸುವುದಾದರೆ ಆಯಾ ಕಾಲದಲ್ಲಿ ಬಂದಿದ್ದನ್ನು ತರಿಸಿ. ತೊಳೆದು ಹೊಳಪು ಮಾಡಿದ್ದನ್ನಲ್ಲ. ಮಣ್ಣು, ಬೇರು, ಸೊಪ್ಪು ಎಲ್ಲ ಇರಲಿ. ಹುಳು ಕೊರೆದ ಎಲೆಯೂ ಒಂದೆರಡು ಇರಲಿ. ಶೇಂಗಾ ಗಿಡ ಸಿಕ್ಕರೆ ಬೇರು ಸಮೇತ ಒಂದು ಇಡಿ. ಹೂವು ಮೇಲೆ, ಕಾಯಿ ಮಣ್ಣೊಳಗೆ! ಹೂವಿನ ಬುಡದಿಂದ ಇಳಿದು ಮಣ್ಣಿಗೆ ಚುಚ್ಚಿಕೊಳ್ಳುವ ಮೊನೆಯನ್ನು ದೊಡ್ಡವರೇ ಎಷ್ಟು ಜನ ನೋಡಿದ್ದೀರಿ?

ಕೆಲವು ಎಚ್ಚರಿಕೆಗಳು. ಅಂಗಡಿಯಲ್ಲಿ ಸಿಗುವ ಕೆಂಪು, ನೀಲಿ ಬಣ್ಣ ಬಳಿದ ಬಿತ್ತನೆ ಬೀಜವನ್ನು ಮಕ್ಕಳ ಕೈಗೆ ಕೊಡಲೇಬೇಡಿ, ಅದಕ್ಕೆ ಔಷಧಿ ಹಚ್ಚಿರುತ್ತಾರೆ. ಬೀಜಗಳನ್ನು ಅಂಟಿಸಿ ಚಿತ್ರ ಮಾಡಿಸುವಾಗ ಹರಳು ಬೀಜ ಬೇಡ, ಅದು ವಿಷ. ಕಡಲೆಬೀಜ, ಇಡೀ ದ್ರಾಕ್ಷಿ ಪುಟ್ಟ ಮಕ್ಕಳ ಗಂಟಲಿಗೆ ಸಿಕ್ಕಿಕೊಳ್ಳುತ್ತವೆ. ಹಸಿ ಸಗಣಿ ಗೊಬ್ಬರ ಬೇಡ, ಚೆನ್ನಾಗಿ ಕೊಳೆತದ್ದು ಹಾಕಿ. ಮಣ್ಣು ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಸಿ.

ಕೊನೆಗೆ ಒಂದು ಕೋರಿಕೆ. ನನ್ನಂಥವರನ್ನು ಶಾಲೆಗೆ ಕರೆಯಿರಿ, ಖಂಡಿತ ಬರುತ್ತೇವೆ. ಆದರೆ ವರ್ಷಕ್ಕೊಮ್ಮೆ ವೇದಿಕೆ ಹತ್ತಿಸಿ, ಶಾಲು ಹೊದಿಸಿ, ಫೋಟೊ ತೆಗೆದು ಕಳಿಸಬೇಡಿ. ಬಿತ್ತುವ ದಿನ ಕರೆಯಿರಿ, ಎಲೆಗೆ ಹುಳು ಬಿದ್ದ ದಿನ ಕರೆಯಿರಿ. ಅಡುಗೆ ಮಾಡುವ ಅಮ್ಮನನ್ನೂ ಜೊತೆಗೆ ಕೂರಿಸಿ. ಬೆಳೆದ ಒಂದು ಹಿಡಿ ಸೊಪ್ಪನ್ನು ಅದೇ ದಿನದ ಊಟಕ್ಕೆ ಹಾಕುವವರು ಅವರೇ ತಾನೆ?

ಇಂತಿ,
ಒಬ್ಬ ತರಕಾರಿ ಬೆಳೆಗಾರ